ಬೋರಲು ಬಿದ್ದ ನಗಾರಿ

ನನ್ನ ಗಂಡ ಕುಲುಪ್ ದೆರಾಮನ್ ಅರಮನೆಯ ನಗಾರಿ ಬಾರಿಸುವವನು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರದೂ ಅದೇ ಕಸುಬು. ಬೇರೆ ಮನೆತನದವರು ಆ ನಗಾರಿ ಮುಟ್ಟಿದರೆ ಹೊಟ್ಟೆ ಊದಿ ಸಾಯುತ್ತಾರೆಂದು ನದಿಯ ಎರಡೂ ದಡದವರು ನಂಬಿದ್ದರು. ಆ ಮನೆತನದಲ್ಲಿ ಉಳಿದಿದ್ದವನು ಇವನೊಬ್ಬನೇ. ನಮಗೆ ಮಕ್ಕಳಾಗಲಿಲ್ಲ.

ಗಿಡ್ಡ ಆಳು, ಮಾತು ಕಡಿಮೆ. ಗುರುವಾರ ಸಂಜೆ ನಗಾರಿಗೆ ಸಾಂಬ್ರಾಣಿ ಹೊಗೆ ಹಾಕಿ, ವೀಳ್ಯ ಇಟ್ಟು, ಅದರ ಹತ್ತಿರ ಬಾಗಿ ಏನೋ ಪಿಸುಗುಡುತ್ತಿದ್ದ.

"ನನ್ನ ಹತ್ರ ಇಷ್ಟು ಮಾತಾಡಿದ್ರೆ ಮುತ್ತು ಉದುರ್ತಿತ್ತಾ?" ಅಂದರೆ, "ಅದು ಹೊಡೆದಾಗ ಮಾತ್ರ ಸದ್ದು ಮಾಡುತ್ತೆ ತೀಜಾ, ನೀನು ಹಂಗಲ್ಲ" ಅನ್ನುವನು.

ನಮ್ಮ ಮದುವೆಯ ಹೊಸತರಲ್ಲಿ ಬಿಳಿಯರ ರೆಸಿಡೆಂಟ್ ದೊರೆ ನಮ್ಮ ಸುಲ್ತಾನರನ್ನು ಹೊಗೆಹಡಗು ಹತ್ತಿಸಿ ದೂರದ ದ್ವೀಪಕ್ಕೆ ಕಳಿಸಿದ. ಅವನ ಸಲಹೆಯನ್ನು ಅವರು ಕೇಳಲಿಲ್ಲವಂತೆ. ಸಲಹೆಯೆಂದರೆ ನೆರೆಮನೆಯವಳು ಕೊಡುವುದು, ಕೇಳಿದರೆ ಕೇಳಿದೆ ಬಿಟ್ಟರೆ ಬಿಟ್ಟೆ ಎಂದುಕೊಂಡಿದ್ದೆ. ಬಿಳಿಯರ ಸಲಹೆಯ ಹಿಂದೆ ಹಡಗಿರುತ್ತದೆ. ಆಮೇಲೆ ಸುಲ್ತಾನರ ತಮ್ಮನ ಮಗನನ್ನು ಗದ್ದುಗೆಗೆ ಕೂರಿಸಿದರು. ನಗಾರಿ ಬಾರಿಸಿದ್ದು ನನ್ನ ಗಂಡನೇ. ಅವತ್ತು ಅವನು ಅನ್ನ ಮುಟ್ಟಲಿಲ್ಲ.

ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಊರ ಮುಖಂಡ ತೋಕ್ ಜಿದಿನ್ ಕಂಬಗಳ ಮೇಲಿನ ನಮ್ಮ ಮನೆಯ ಏಣಿಯ ಬುಡದಲ್ಲಿ ನಿಂತು, ಮೇಲಕ್ಕೆ ನೋಡದೆ ಹೇಳಿದ:

"ದ್ವೀಪದಲ್ಲಿದ್ದ ಮುದುಕ ಸತ್ತ."

ನಾನು ಮೊರ ಪಕ್ಕಕ್ಕಿಟ್ಟೆ. ನಮ್ಮಲ್ಲಿ ಅರಸರು ಸಾಯುವುದಿಲ್ಲ, ‘ಮಂಕಾತ್’ ಆಗುತ್ತಾರೆ. ಅರಮನೆಯಲ್ಲಿ ಆ ಮಾತು ಹೊರಟ ಕ್ಷಣವೇ ನಗಾರಿಯನ್ನು ಬೋರಲು ಹಾಕಬೇಕು. ಶೋಕ ತೀರುವ ತನಕ ಅದು ದನಿ ಎತ್ತಬಾರದು.

"ಬೆಕ್ಕು ಸತ್ತಂಗೆ ಹೇಳ್ತೀಯಲ್ಲ ತೋಕ್!" ಎಂದ ನನ್ನ ಗಂಡ.

"ಮೆಲ್ಲಗೆ ಮಾತಾಡೋ ಮಾರಾಯ. ಸತ್ತ ಅಂತಲೇ ಅನ್ಬೇಕು ಅಂತ ಸಲಹೆ ಬಂದಿದೆ. ಶೋಕ ಗೀಕ ಏನೂ ಇಲ್ಲ. ನಾಳೆ ಅರಮನೇಲಿ ದೊರೆಗೆ ಔತಣ, ನೀನು ಮಂಗಳದ ಪೆಟ್ಟು ಹಾಕ್ಬೇಕು."

"ಹಾಕ್ದಿದ್ರೆ?"

"ಹಡಗಲ್ಲಿ ಜಾಗಕ್ಕೇನು ಬರ ಕುಲುಪ್?"

ಅವನು ಹೋದ ಮೇಲೆ ಗಂಡನ ಮುಂದೆ ಗೋಗರೆದೆ. "ಅಬಾಂಗ್, ಕೈ ಉಳುಕಿದೆ ಅಂತ ಹೇಳಿಬಿಡು."

"ತೋಕ್ ನಂಬ್ತಾನೆ. ನಗಾರಿ ನಂಬಲ್ಲ ಕಣೇ. ಅರಸು ಹೋದ ದಿನ ಮಂಗಳ ಬಾರಿಸ್ದವನ ಕೈಗೆ ಹುಳ ಬೀಳುತ್ತೆ."

ಮರುದಿನ ಹೆಂಗಸರೊಂದಿಗೆ ಜಾಲಂಧ್ರದ ಹಿಂದೆ ಕೂತಿದ್ದೆ. ಹಳದಿ ದಿಂಬಿನ ಮೇಲೆ ಹೊಸ ಸುಲ್ತಾನರು, ಪಕ್ಕದ ಕುರ್ಚಿಯಲ್ಲಿ ದೊರೆ. ಗಾಳಿ ಬಿದ್ದುಹೋಗಿತ್ತು, ಅಂಗಳದ ತೆಂಗಿನ ಗರಿ ಒಂದೂ ಅಲುಗುತ್ತಿರಲಿಲ್ಲ. ದೊರೆ ಬೆರಳು ಆಡಿಸಿದ. ನನ್ನ ಗಂಡ ಕೋಲೆತ್ತಿದ. ಎತ್ತಿದ ಕೈ ಇಳಿಯಲಿಲ್ಲ. ದೊರೆ ಕುರ್ಚಿಯಲ್ಲಿ ಮೆಲ್ಲಗೆ ಮುಂದಕ್ಕೆ ಬಾಗಿದ.

ಸುಲ್ತಾನರು ಆ ಎತ್ತಿದ ಕೋಲನ್ನೇ ನೋಡುತ್ತಿದ್ದರು. ಆಮೇಲೆ ತಮಗೆ ತಾವೇ ಅಂದುಕೊಂಡಂತೆ ಕೇಳಿದರು: "ದೊಡ್ಡಪ್ಪ ಮಂಕಾತ್ ಆಗಿದ್ದು ಯಾವತ್ತು?"

ಗಂಡಸರೆಲ್ಲ ಶೋಕಕ್ಕೆಂದು ತಲೆಯ ರುಮಾಲು ಬಿಚ್ಚಿದರು. ನನ್ನ ಗಂಡ ಕೋಲು ಕೆಳಗಿಟ್ಟು, ಮಲಗಿದ ಮಗುವನ್ನು ಹೊರಳಿಸುವಂತೆ ನಗಾರಿಯನ್ನು ಬೋರಲು ಮಾಡಿದ.

ದುಭಾಷಿ ಕಿವಿಯಲ್ಲಿ ಹೇಳಿದ್ದನ್ನು ದೊರೆ ಕೊನೆಯವರೆಗೂ ಕೇಳಿದ. ಸಿಟ್ಟಾಗಲಿಲ್ಲ. ಬಾಯಿ ಒರೆಸಿಕೊಂಡು ನಮ್ಮ ಭಾಷೆಯಲ್ಲೇ ಅಂದ: "ಸುಲ್ತಾನರು ಬಹಳ ದಣಿದಿದ್ದಾರೆ. ಸ್ವಲ್ಪ ಹವಾ ಬದಲಾಗಲಿ, ಇದು ನನ್ನ ಸಲಹೆ."

ಶೋಕ ಮುಗಿಯುವ ಮೊದಲೇ ನದಿಯ ಕೆಳದಿಕ್ಕಿನಿಂದ ಹಡಗು ಕೂಗಿತು. ನನ್ನ ಗಂಡ ಒಂದು ಲುಂಗಿ, ತನ್ನ ಕೋಲುಗಳನ್ನು ಗಂಟು ಕಟ್ಟಿದ.

"ನಿನ್ನನ್ಯಾರು ಕರೆದ್ರು?" ಎಂದು ಗಂಟು ಹಿಡಿದೆಳೆದೆ.

"ನನ್ನ ಕೈ ಉಳಿಸೋಕೆ ಆ ಮಾತಾಡಿದ್ರು. ಒಬ್ಬರನ್ನೇ ಹೆಂಗೆ ಕಳಿಸ್ಲಿ ತೀಜಾ? ಬಿಡು."

ಬಿಟ್ಟೆ. ಅವನು ತಿರುಗಿ ಬರಲಿಲ್ಲ. ಕೆಲವು ವರ್ಷಗಳಾದ ಮೇಲೆ ತೋಕ್ ಜಿದಿನ್ ಮತ್ತೆ ನಮ್ಮ ಏಣಿಯ ಬುಡಕ್ಕೆ ಬಂದು ನಿಂತ. ಅವನು ಬಾಯಿ ತೆರೆಯುವ ಮೊದಲೇ ನಾನು ಬಳೆ ತೆಗೆದಿಟ್ಟೆ.

ಆಮೇಲೆ ಇನ್ನೊಬ್ಬರು ಗದ್ದುಗೆ ಏರಿದರು, ನಗಾರಿಯಿಲ್ಲದೆ. ಬೋರಲು ಬಿದ್ದದ್ದನ್ನು ಎತ್ತಿ ನಿಲ್ಲಿಸಲು ಯಾರೂ ಕೈ ಹಾಕಲಿಲ್ಲ, ದೊರೆಯ ಸಿಪಾಯಿಗಳೂ ಸಹ. ಅದನ್ನು ಹಾಗೇ ಬಿಟ್ಟು ಸುತ್ತ ಗುಡಿಸುತ್ತಾರೆ. ಹಡಗು ಕೂಗಿದಾಗಲೆಲ್ಲ ಅದರೊಳಗೆ ಗುಂಯ್ ಎನ್ನುತ್ತದಂತೆ. ಆಗ ಗದ್ದುಗೆಯ ಮೇಲಿದ್ದವರು ಮಾತು ನಿಲ್ಲಿಸಿ ನದಿಯ ಕಡೆ ನೋಡುತ್ತಾರಂತೆ.