ನುಂಗಿದ ಕ್ಯಾಮರಾ

ಹೆಂಡತಿ ಹೋದ ಮೇಲೆ ನನಗೆ ಹೊಟ್ಟೆನೋವು ಶುರುವಾಯಿತು. ಅವಳೂ ಹೊಟ್ಟೆನೋವಿನಿಂದಲೇ ಹೋದವಳು. ಆಪರೇಷನ್ನಿಗೆಂದು ಒಳಗೆ ಹೋದಳು, ಜೀವಂತ ಹೊರಗೆ ಬರಲಿಲ್ಲ. ಎಷ್ಟು ಪರೀಕ್ಷೆ ಮಾಡಿದರೂ ನನ್ನ ನೋವಿಗೆ ಕಾರಣ ಸಿಗಲಿಲ್ಲ. ಕಡೆಗೆ ದೊಡ್ಡ ಆಸ್ಪತ್ರೆಯಲ್ಲಿ ದೀಪ ಮಿಣುಕುವ ಒಂದು ಮಾತ್ರೆ ನುಂಗಿಸಿದರು. ಅದರೊಳಗೆ ಕ್ಯಾಮರಾ. ಅದು ಕಳಿಸುವ ಚಿತ್ರ ಹಿಡಿಯಲು ಸೊಂಟಕ್ಕೊಂದು ಪಟ್ಟಿ ಕಟ್ಟಿ ಸಂಜೆಯವರೆಗೆ ಕೂರಿಸಿದರು.

“ಮಾತ್ರೆ ತಾನಾಗಿ ಹೊರಗೆ ಬರ್ತದೆ. ಬಂತೋ ಇಲ್ಲೋ ನೋಡ್ಕೊಳ್ಳಿ. ಒಳಗೇ ಸಿಕ್ಕಿಕೊಂಡರೆ ಆಪರೇಷನ್ ಬೇಕಾಗಬಹುದು,” ಎಂದರು ಅಲ್ಲಿಯ ಡಾಕ್ಟರು.

ನಮ್ಮೂರು ಕೇಣಿಯಲ್ಲಿ ಬೆಳಿಗ್ಗೆ ಬಹಿರ್ದೆಸೆಗೆ ಸಮುದ್ರದ ದಂಡೆಯೇ ಗತಿ. ಕೂತು ಏಳುವುದರೊಳಗೆ ತೆರೆ ಬಂದು ಎಲ್ಲ ಒಯ್ಯುತ್ತದೆ. ನೋಡುವುದೆಲ್ಲಿ? ಹೆದರಿಕೆಗೆ ಅನ್ನ ಇಳಿಯಲಿಲ್ಲ.

ಹೆಂಡತಿಯ ತಂಗಿ ಪಕ್ಕದ ಮನೆಯವಳು. “ಭಾವಾ, ಬಂತಾ?” ಎಂದು ಕೇಳಿದಳು.

“ಸಮುದ್ರಕ್ಕೇ ಗೊತ್ತು.”

“ಹಾಂಗಾರೆ ಸ್ವಲ್ಪ ಮೇಲೆ ಕೂತ್ಕೊಳ್ಳಿ ಮಾರಾಯ್ರೆ!” ಎಂದು ನಕ್ಕಳು. ನಮ್ಮ ಮನೆಯಲ್ಲಿ ನಗು ಕೇಳದೆ ಬಹಳ ದಿನವಾಗಿತ್ತು. ನನಗೆ ಮಾತ್ರ ನಗು ಬರಲಿಲ್ಲ.

ತಡೆಯಲಾರದೆ ಕಾರವಾರಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದೆ. ಅಲ್ಲಿಯ ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ದೊಡ್ಡ ಆಸ್ಪತ್ರೆಯ ಕಾಗದವನ್ನೂ ಓದಿದರು.

“ಮಾತ್ರೆ ಹೋಗಿದೆ. ಕ್ಯಾಮರಾಕ್ಕೂ ಒಳಗೆ ಏನೂ ಕಂಡಿಲ್ಲ.”

“ಮತ್ತೆ ನೋವು?”

ಅವರು ಕಾಗದ ಮಡಚಿಟ್ಟು, “ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ?” ಎಂದರು.

“ನಾನೇ,” ಎಂದೆ.

ಬಂಗಡೆ ಮೀನು ಕೊಯ್ಯುವುದು ಹೆಂಡತಿಯ ಕೆಲಸವಾಗಿತ್ತು. ಈಗ ಅದರ ಹೊಟ್ಟೆ ಸೀಳುವವನೂ ನಾನೇ. ಒಳಗೆ ದೀಪ ಮಿಣುಕುತ್ತದೆಯೋ ಎಂದು ಒಮ್ಮೆ ನೋಡಿಯೇ ತೊಳೆಯುವುದು.