ದ್ವೀಪದಿಂದ ಬಂದ ಹೆಂಡತಿ

ನನ್ನ ಹೆಂಡತಿ ಮಾಲ್ಡೀವ್ಸ್‌ನಿಂದ ವಾಪಸ್ ಬಂದ ಮೊದಲ ವಾರದಲ್ಲೇ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಯಾರ ಮೇಲೆ ಎಂದು ಆಗ ಕೇಳಿದ್ದರೆ ಹೇಳುವುದು ಕಷ್ಟವಾಗುತ್ತಿತ್ತು. ಅವಳು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಫೋನಿನಲ್ಲಿ ಯಾರ ಜೊತೆಗೋ ಅಲ್ಲಿನ ಭಾಷೆಯಲ್ಲಿ ಮಾತಾಡುತ್ತಿದ್ದಳು. ಮಾತಿನ ನಡುವೆ 'ರಂಗಳು, ರಂಗಳು' ಎನ್ನುವಳು, ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ ನಗುವಳು. ನಾನು ಬಚ್ಚಲುಮನೆಯ ಬಾಗಿಲಲ್ಲಿ ಟವಲ್ ಹಿಡಿದು ನಿಂತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕದ್ದು ನೆನಪಾಗಲಿಲ್ಲ.

"ರಂಗಳು ಅಂದ್ರೆ ಏನು?" ಎಂದು ಕೇಳಿದೆ.

"ಸರಿ, ಚೆನ್ನಾಗಿದೆ, ಅಂತ."

"ಯಾರು ಫೋನಲ್ಲಿ?"

"ನಮ್ಮನೆಯವಳು," ಎಂದುಬಿಟ್ಟು, ನನ್ನ ಮುಖ ನೋಡಿ ತಿದ್ದಿಕೊಂಡಳು. "ಅಂದ್ರೆ, ಅಲ್ಲಿ ನಾನಿದ್ದ ಮನೆಯವಳು."

ನಮ್ಮನೆ ಇರುವುದು ಚಾಮರಾಜಪೇಟೆಯಲ್ಲಿ. ನಾನು ಹುಟ್ಟಿದ್ದು ಇದೇ ಮನೆಯ ನಡುಕೋಣೆಯಲ್ಲಿ. ಕಾಟನ್‌ಪೇಟೆಯಲ್ಲಿ ತಾತನ ಕಾಲದಿಂದ ಬೆಡ್‌ಶೀಟು, ಟವಲ್ಲುಗಳ ಹೋಲ್‌ಸೇಲ್ ಅಂಗಡಿಯಿದೆ. ಬೆಳಿಗ್ಗೆ ಸ್ನಾನ, ಪೂಜೆ, ವಿಭೂತಿ, ತಿಂಡಿ, ಅಂಗಡಿ. ಮಧ್ಯಾಹ್ನ ಊಟಕ್ಕೆ ಮನೆ, ಮತ್ತೆ ಅಂಗಡಿ. ನಡೆದೇ ಹೋಗಿ ಬರುವಷ್ಟು ದೂರ. ನನ್ನ ಬದುಕೆಲ್ಲ ಆ ದಾರಿಯೊಳಗೇ ಹಿಡಿಸಿಬಿಟ್ಟಿತ್ತು, ಸಾಲದು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ.

ನನ್ನ ಹೆಂಡತಿ ಹತ್ತಿರದ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ ಆಗಿದ್ದಳು. ಮಕ್ಕಳು ಕಡಿಮೆಯಾಗಿ ಅಲ್ಲಿ ಕನ್ನಡ ಮಾಧ್ಯಮದ ತರಗತಿಗಳನ್ನು ಮುಚ್ಚಿದರು. ಕೆಲಸ ಹೋಯಿತು. ಕೆಲವು ತಿಂಗಳು ಮನೆಯಲ್ಲಿ ಕೂತವಳು ಒಂದು ದಿನ, ಮಾಲ್ಡೀವ್ಸ್‌ನಲ್ಲಿ ನಮ್ಮ ಕಡೆಯ ಟೀಚರುಗಳನ್ನು ಕರೀತಾರಂತೆ, ನಾನು ಅರ್ಜಿ ಹಾಕ್ಲಾ ಎಂದು ಕೇಳಿದಳು. ನಾನು ಹಾಕು ಎಂದೆ. ಸಿಗುವುದಿಲ್ಲ ಎಂದುಕೊಂಡಿದ್ದೆ. ಸಿಕ್ಕಿದಾಗ, ಒಂದು ತಿಂಗಳಲ್ಲಿ ವಾಪಸ್ ಬರುತ್ತಾಳೆ ಎಂದುಕೊಂಡೆ. ಅಮ್ಮನಿಗೂ ಹಾಗೇ ಹೇಳಿದೆ. ನನ್ನ ಲೆಕ್ಕ ಸುಳ್ಳಾಗಲು ಕಾರಣವೇ ಇರಲಿಲ್ಲ. ಸಿರ್ಸಿ ಸರ್ಕಲ್ಲಿನಲ್ಲಿ ರಸ್ತೆ ದಾಟುವಾಗ ಇವಳು ನನ್ನ ಅಂಗಿಯ ತೋಳು ಹಿಡಿದುಕೊಳ್ಳುತ್ತಿದ್ದಳು. ಬೆಳಿಗ್ಗೆ ಸ್ಟ್ರಾಂಗ್ ಕಾಫಿ ಬೀಳದಿದ್ದರೆ ತಲೆನೋವು. ಮದುವೆ ಮನೆಗೆ ಹೋದರೆ ಹಾಸಿಗೆ ಬದಲಾಯಿತೆಂದು ನಿದ್ದೆಯಿಲ್ಲ. ಅಂಥವಳು ಸಮುದ್ರದ ನಡುವಿನ ಪುಟ್ಟ ದ್ವೀಪದಲ್ಲಿ, ಮೀನೇ ಊಟವಾಗಿರುವ ಜನರ ನಡುವೆ, ಎಷ್ಟು ದಿನ ಇದ್ದಾಳು?

ಎರಡು ವರ್ಷ ಇದ್ದಳು. ರಜೆಗೆ ಬಂದಾಗ ನೆಂಟರಿಷ್ಟರ ಗಲಾಟೆಯಲ್ಲಿ ನನಗೇನೂ ಗೊತ್ತಾಗಲಿಲ್ಲ. ಪೂರ್ತಿ ವಾಪಸ್ ಬಂದ ಮೇಲೆ ಗೊತ್ತಾಯಿತು. ಕಾಫಿ ಬೇಕೆನ್ನಲಿಲ್ಲ, ಹಾಲಿಲ್ಲದ ಕಪ್ಪು ಚಹಾ ಕುಡಿದಳು. ಚಾಪೆ ಹಾಸಿಕೊಂಡು ವೆರಾಂಡದಲ್ಲಿ ಮಲಗಿದಳು. ಎಲೆಕೋಸನ್ನೂ ಈರುಳ್ಳಿಯನ್ನೂ ಸಣ್ಣಗೆ ಹೆಚ್ಚಿ, ಕಾಯಿತುರಿ, ಹಸಿಮೆಣಸಿನಕಾಯಿ, ನಿಂಬೆಹುಳಿ ಹಾಕಿ ಕೈಯಲ್ಲೇ ಕಿವುಚಿ, ತೆಳ್ಳನೆಯ ರೊಟ್ಟಿಯ ಜೊತೆ ತಿಂಡಿಗೆ ಕೊಟ್ಟಳು. ಅಲ್ಲಿ ಇದಕ್ಕೆ ಮೀನು ಹಾಕುತ್ತಾರಂತೆ, ಮನೆಯವಳು ಇವಳಿಗಾಗಿ ಎಲೆಕೋಸಿನದು ಕಂಡುಹಿಡಿದಳಂತೆ. ಅಮ್ಮ ಎರಡನೇ ಸಲ ಹಾಕಿಸಿಕೊಂಡರು. ನಾನು ಅರ್ಧಕ್ಕೇ ಎದ್ದೆ. ಚೆನ್ನಾಗಿಯೇ ಇತ್ತು. ಅದೇ ನನಗೆ ಆಗಲಿಲ್ಲ.

ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ, ಸಂಪು ಖಾಲಿ. ನಾನು ಜಲಮಂಡಳಿಯವರಿಗೂ ಪಕ್ಕದ ಮನೆಯವರಿಗೂ ಬೈಯುತ್ತ ಓಡಾಡುತ್ತಿದ್ದೆ. ಅವಳು ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿ, ಉಳಿದದ್ದನ್ನು ನನಗೆ ಇಟ್ಟು, ತಲೆ ಬಾಚಿಕೊಳ್ಳುತ್ತಿದ್ದಳು.

"ನಿನಗೆ ಕೋಪನೇ ಬರಲ್ವಾ ಈಗ?" ಎಂದೆ.

"ಬಂದ್ರೆ ನೀರು ಬರತ್ತಾ?"

ಹಿಂದೆ ಹೀಗಾದರೆ ಅವಳು ಅಳುತ್ತಿದ್ದಳು, ನಾನು ಟ್ಯಾಂಕರ್ ಕರೆಸಿ ದೊಡ್ಡಮನುಷ್ಯನಾಗುತ್ತಿದ್ದೆ. ಈಗ ನನಗೆ ಆ ಕೆಲಸವೂ ಇರಲಿಲ್ಲ.

ಹೀಗಿರುವಾಗ ಆ ದ್ವೀಪವೇ ಎದ್ದು ನಮ್ಮನೆಗೆ ಬಂತು. ಮನೆಯವಳ ಗಂಡನಿಗೆ ಹಾರ್ಟಿನಲ್ಲಿ ಬ್ಲಾಕ್ ಎಂದು ಅಲ್ಲಿನ ಡಾಕ್ಟರು ಹೇಳಿ, ಬೆಂಗಳೂರಿಗೆ ಹೋಗಿ ಎಂದಿದ್ದರು. ಅಲ್ಲಿಂದ ಚಿಕಿತ್ಸೆಗೆ ಇಲ್ಲಿಗೆ ಬರುವವರು ಬೇಕಾದಷ್ಟು ಜನ. ಲಾಡ್ಜು ನೋಡೋಣ ಎಂದು ನಾನೆಂದೆ.

"ಎರಡು ವರ್ಷ ನನ್ನನ್ನ ಮನೆಯೊಳಗೆ ಇಟ್ಕೊಂಡಿದ್ದವರು. ಲಾಡ್ಜಿಗೆ ಕಳಿಸ್ಲಾ?" ಎಂದಳು.

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಬೇಡ ಎನ್ನುತ್ತಾರೆ ಎಂದು ನನಗೆ ಪೂರ್ತಿ ನಂಬಿಕೆಯಿತ್ತು. ಮಡಿ, ಪೂಜೆ, ಅಡುಗೆಮನೆ ಎಂದರೆ ಅಮ್ಮ ಬಿಗಿ. ಅಮ್ಮ ಇವಳ ಕಡೆ ತಿರುಗಿ, "ಮೀನು ಮನೆಗೆ ತರೋ ಹಾಗಿಲ್ಲ ಅಂತ ಹೇಳಮ್ಮ. ಉಳಿದಿದ್ದು ನೋಡ್ಕೊಳೋಣ," ಎಂದರು.

ಅವರು ಬಂದರು. ಆಕೆ ನಮ್ಮ ವಯಸ್ಸಿನವಳು, ಎತ್ತರದ ಹೆಂಗಸು, ತಲೆಗೆ ಹಸಿರು ವಸ್ತ್ರ ಸುತ್ತಿದ್ದಳು. ಅದೇ ದ್ವೀಪದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಆತ ದೋಣಿ ನಡೆಸುವವನು. ಹಿಂದಿ ಸಿನಿಮಾ ನೋಡಿ ನೋಡಿ ಅವನಿಗೆ ಹಿಂದಿ ಬರುತ್ತಿತ್ತು. ಮಾರ್ವಾಡಿ ವ್ಯಾಪಾರಿಗಳ ಜೊತೆ ಪೇಟೆಯಲ್ಲಿ ಕಲಿತ ನನ್ನ ಹಿಂದಿಗೂ ಅವನ ಹಿಂದಿಗೂ ಹೇಗೋ ಹೊಂದಿಕೆಯಾಯಿತು. ಗೇಟಿನಲ್ಲಿ ಆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ಏರ್‌ಪೋರ್ಟಿಗೆ ಹೋಗಿ ಕರೆತಂದಿದ್ದವನು ನಾನು. ನನ್ನ ಹೆಂಡತಿ ವಾಪಸ್ ಬಂದ ದಿನ ನಾವಿಬ್ಬರೂ ಸೂಟ್‌ಕೇಸಿನ ಭಾರದ ಬಗ್ಗೆ ಮಾತಾಡುತ್ತ ಮನೆಗೆ ಬಂದಿದ್ದೆವು.

ಆಸ್ಪತ್ರೆಯ ಓಡಾಟ ನನ್ನ ಪಾಲಿಗೆ ಬಂತು. ಆತನಿಗೆ ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ, ಕೆಲವು ವಾರ ಇಲ್ಲೇ ಇದ್ದು ತೋರಿಸಿಕೊಳ್ಳಲು ಹೇಳಿದರು. ಅಂಗಡಿಯಿಂದ ಊಟಕ್ಕೆ ಬಂದಾಗಲೆಲ್ಲ ನಾನು ಕಂಡದ್ದು ಒಂದೇ ನೋಟ. ಆಕೆ ಮತ್ತು ಅಮ್ಮ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿರುವುದು. ಅಮ್ಮನಿಗೆ ಅವಳ ಭಾಷೆ ಬಾರದು, ಅವಳಿಗೆ ಕನ್ನಡ ಬಾರದು. ಅಮ್ಮ ಸೋದರತ್ತೆಯ ಕತೆಯನ್ನೆಲ್ಲ ಕನ್ನಡದಲ್ಲೇ ಹೇಳುವರು, ಆಕೆ ತಲೆಯಾಡಿಸುವಳು. ಸಂಜೆ ಅಮ್ಮ ಪೂಜೆಗೆ ಕೂತರೆ ಆಕೆ ಒಳಕೋಣೆಯಲ್ಲಿ ನಮಾಜಿಗೆ ಚಾಪೆ ಹಾಸುವಳು. ಆ ಚಾಪೆಯನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟವರು ಅಮ್ಮನೇ. ಬಂದ ಹತ್ತು ದಿನಕ್ಕೆ ಆಕೆ ನಮ್ಮ ನಲ್ಲಿಯ ಸಮಯ, ಹಾಲಿನವನ ದನಿ, ಯಾವ ಮೆಟ್ಟಿಲು ಅಲ್ಲಾಡುತ್ತದೆ, ಎಲ್ಲ ತಿಳಿದುಕೊಂಡಿದ್ದಳು. ಬೇರೆ ನೆಲದಲ್ಲಿ ಇರುವುದು ಅವಳಿಗೂ ಬರುತ್ತಿತ್ತು, ನನ್ನ ಹೆಂಡತಿಗೂ ಬರುತ್ತಿತ್ತು. ಈಗ ಅಮ್ಮನಿಗೂ ಬಂದುಬಿಟ್ಟಿತ್ತು, ಅದೂ ಮನೆ ಬಿಟ್ಟು ಕದಲದೆ. ನಾನೊಬ್ಬ ನನ್ನದೇ ಮನೆಯಲ್ಲಿ ಯಾವ ಕುರ್ಚಿಯಲ್ಲಿ ಕೂರಬೇಕೆಂದು ತಿಳಿಯದೆ ಪೇಪರ್ ಹಿಡಿದು ನಿಂತಿರುತ್ತಿದ್ದೆ.

ಡಾಕ್ಟರು ಬೆಳಿಗ್ಗೆ ನಡೆಯಲು ಹೇಳಿದ್ದರಿಂದ ಆತನನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗತೊಡಗಿದೆ. ಒಂದು ದಿನ ಕೆರೆಯ ದಡದಲ್ಲಿ ಕಲ್ಲುಬೆಂಚಿನ ಮೇಲೆ ಕೂತೆವು. ಆತ ಬಹಳ ಹೊತ್ತು ನೀರನ್ನು ನೋಡಿದ.

"ಇದರಲ್ಲಿ ಯಾರೂ ಇಳಿಯಲ್ವಾ?"

"ಇಲ್ಲ. ಬಿಡಲ್ಲ."

"ನಿಮ್ಮ ಹೆಂಡತಿ ಇದ್ದಿದ್ರೆ ಇಷ್ಟೊತ್ತಿಗೆ ಆ ದಡದಲ್ಲಿರ್ತಿದ್ರು," ಎಂದು ನಕ್ಕ.

ನನಗೆ ಅರ್ಥವಾಗಲಿಲ್ಲ. ಸುಮ್ಮನೆ ನಕ್ಕೆ. ಆತ ಹೇಳುತ್ತ ಹೋದ. ಮೊದಮೊದಲು ಸೊಂಟಮಟ್ಟದ ನೀರಿನಲ್ಲಿ ಅವನ ಹೆಂಡತಿ ನನ್ನ ಹೆಂಡತಿಯ ಹೊಟ್ಟೆಯ ಕೆಳಗೆ ಕೈಯಿಟ್ಟು ತೇಲಿಸುತ್ತಿದ್ದಳಂತೆ. ಇವಳು ಕಿರುಚುವುದನ್ನು ಕೇಳಿ ಶಾಲೆಯ ಮಕ್ಕಳು ದಡದಲ್ಲಿ ಸೇರಿ 'ಟೀಚರ್, ಟೀಚರ್' ಎಂದು ಕೂಗುತ್ತಿದ್ದರಂತೆ. ಆಮೇಲಾಮೇಲೆ ಸಲ್ವಾರ್ ಕಮೀಜಿನಲ್ಲೇ ಆತನ ದೋಣಿಯವರೆಗೂ ಈಜಿ ಬಂದು, ಅಂಚು ಹಿಡಿದು ಹತ್ತಿ ಕೂತು, ಸಂಜೆಯ ಹೊತ್ತು ಮನೆಯ ವಿಷಯ ಮಾತಾಡುತ್ತಿದ್ದಳಂತೆ.

"ನಿಮಗೆ ಹೇಳಿರ್ಬೇಕಲ್ಲ?" ಎಂದ.

"ಹೂಂ, ಹೇಳಿದಾಳೆ," ಎಂದೆ.

ಹೇಳಿರಲಿಲ್ಲ. ಹಿಂದಿರುಗುವಾಗ ಮಾವಳ್ಳಿಯ ಗೇಟಿನಲ್ಲಿ ಆಟೋ ಹತ್ತಿದ್ದು, ಮನೆ ತಲುಪಿದ್ದು ಯಾವುದೂ ಸರಿಯಾಗಿ ನೆನಪಿಲ್ಲ. ನನ್ನ ಕಣ್ಣೆದುರು ಇದ್ದದ್ದು ನಾನು ನೋಡಿರದ ನೀರು, ಅದರಲ್ಲಿ ನನಗೆ ಪರಿಚಯವಿರದ ಒಬ್ಬ ಹೆಂಗಸು. ಇನ್ನೊಬ್ಬ ಗಂಡಸಿನ ವಿಷಯವಾಗಿದ್ದರೆ ಏನು ಮಾಡಬೇಕೆಂದಾದರೂ ಗೊತ್ತಿರುತ್ತಿತ್ತು. ಆತ ಒಳ್ಳೆಯ ಮನುಷ್ಯ, ಆಕೆ ಒಳ್ಳೆಯವಳು. ಜಗಳವಾಡಲು ನನಗೆ ಯಾರೂ ಸಿಗಲಿಲ್ಲ.

ಹೆಂಡತಿ ಟೆರೇಸಿನಲ್ಲಿ ಬಟ್ಟೆ ಒಣಗಿಹಾಕುತ್ತಿದ್ದಳು. ನಾನು ಹತ್ತಿ ಹೋಗಿ ಕೇಳಿದೆ, "ಈಜೋದು ಕಲ್ತಿದೀಯಂತೆ?"

"ಹೂಂ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಂತಿದ್ರಿ? ಬೇಡ, ಮುಳುಗೋಗ್ತೀಯ, ಬಂದ್ಬಿಡು ಅಂತಿದ್ರಿ."

ಅದು ನಿಜ. ಅವಳು ಬೆಡ್‌ಶೀಟಿನ ಒಂದು ತುದಿ ನನ್ನ ಕೈಗೆ ಕೊಟ್ಟಳು, ಇಬ್ಬರೂ ಹಿಂಡಿದೆವು.

"ರೀ, ಮೊದಲನೇ ತಿಂಗಳು ಬಾಗಿಲು ಹಾಕ್ಕೊಂಡು ಎಷ್ಟು ಅತ್ತಿದೀನಿ ಗೊತ್ತಾ? ಬರೀ ಅನ್ನ, ಉಪ್ಪಿನಕಾಯಿ. ಅದೂ ಮುಗೀತು. ಆ ಊರು ಸುತ್ತೋಕೆ ಅರ್ಧ ಗಂಟೆ ಸಾಕು, ಆಮೇಲೆ ನೀರು. ಓಡೋಗೋಕೆ ಜಾಗನೇ ಇಲ್ಲ. ಇಲ್ಲಿ ನನಗೆ ಏನೇನು ಆಗಲ್ಲ ಅಂತ ಎಲ್ಲರಿಗೂ ಗೊತ್ತು. ನಿಮಗೆ ಗೊತ್ತು, ಅತ್ತೆಗೆ ಗೊತ್ತು, ಹಾಲಿನವನಿಗೂ ಗೊತ್ತು. ಅಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ನೀರಿಗೆ ಬಾ ಅಂದ್ರು. ಹೋದೆ."

"ನನಗೆ ಹೊಟ್ಟೆಕಿಚ್ಚಾಗ್ತಿದೆ," ಎಂದೆ. ಆ ಮಾತನ್ನು ಜೀವಮಾನದಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ.

"ಗೊತ್ತು."

"ಯಾವಾಗಿಂದ?"

"ಬಂದ ದಿನದಿಂದ. ನನ್ನ ಚಪ್ಪಲಿನೂ ದುರುಗುಟ್ಕೊಂಡು ನೋಡ್ತಿದ್ರಿ."

ಅವಳು ಸಮಾಧಾನ ಹೇಳಲಿಲ್ಲ. ನನ್ನನ್ನು ಅಪ್ಪಿಕೊಳ್ಳಲೂ ಇಲ್ಲ. ಬಕೆಟ್ ಖಾಲಿಯಾಗುವವರೆಗೆ ಬಟ್ಟೆಗೆ ಕ್ಲಿಪ್ಪು ಹಾಕಿ, ತಿಂಡಿಗೆ ಬನ್ನಿ ಎಂದು ಇಳಿದು ಹೋದಳು. ನಾನು ಒದ್ದೆ ಬೆಡ್‌ಶೀಟುಗಳ ನಡುವೆ ಸ್ವಲ್ಪ ಹೊತ್ತು ನಿಂತಿದ್ದೆ. ಹೇಳಿಕೊಂಡರೆ ಕಡಿಮೆಯಾಗುತ್ತದೆ ಎನ್ನುತ್ತಾರೆ, ನನಗೆ ಆಗಲಿಲ್ಲ. ಆದರೆ ಮಧ್ಯಾಹ್ನ ಚೆನ್ನಾಗಿ ಹಸಿವಾಯಿತು.

ಅತಿಥಿಗಳು ಹೊರಟ ದಿನ ಅಮ್ಮ ಡಬ್ಬಿ ತುಂಬ ಚಟ್ನಿಪುಡಿ ಕೊಟ್ಟು, ಆಕೆಯ ಗಲ್ಲ ಸವರಿ, ಮದುವೆಯಾಗಿ ಹೋದ ನನ್ನ ತಂಗಿ ತವರಿನಿಂದ ಹೊರಡುವಾಗ ಅಳುವಂತೆಯೇ ಅತ್ತರು. ದೋಣಿಯವನು ನನ್ನ ಕೈ ಹಿಡಿದು, "ನೀವು ಬರ್ಬೇಕು," ಎಂದ. ಬರುತ್ತೇನೆ ಎಂದೆ. ಎಲ್ಲರೂ ಹೇಳುವಂತೆ ಹೇಳಿದ ಮಾತು ಅದು.

ಅವರು ಹೋದ ಮೇಲೆ ನಾನೇ ಬಾಯಿ ಬಿಟ್ಟು ಕೇಳಿದೆ. "ಬಸವನಗುಡಿ ಕಡೆ ಈಜುಕೊಳ ಇದೆಯಲ್ಲ. ಒಂದಿನ ಹೋಗೋಣ್ವಾ? ನೀನು ಈಜೋದು ನೋಡ್ಬೇಕು."

ಅವಳ ಮುಖ ಅರಳಿತು. ಭಾನುವಾರ ಹೋದೆವು. ಹೆಂಗಸರಿಗೆ ಬೇರೆ ಬ್ಯಾಚು, ಒಳಗೆ ಗಂಡಸರು ಇರುವಂತಿಲ್ಲ ಎಂದು ಗೇಟಿನಲ್ಲೇ ಹೇಳಿದರು.

"ಇವರು ನನ್ನ ಹೆಂಡತಿ," ಎಂದೆ.

"ಎಲ್ಲರೂ ಯಾರೋ ಒಬ್ಬರ ಹೆಂಡತೀನೇ ಸಾರ್," ಎಂದ ವಾಚ್‌ಮನ್.

ಅವಳ ಚೀಲ ಮಡಿಲಲ್ಲಿಟ್ಟುಕೊಂಡು ಗೋಡೆಯ ಹೊರಗೆ ಕೂತೆ. ಒಳಗಿನಿಂದ ಸೀಟಿ ಕೇಳುತ್ತಿತ್ತು, ನೀರು ಬಡಿಯುವ ಸದ್ದು, ಹೆಂಗಸರ ಕೂಗು. ಅವುಗಳಲ್ಲಿ ಅವಳದು ಯಾವುದು ಎಂದು ಗುರುತಿಸಲು ನೋಡಿದೆ, ಆಗಲಿಲ್ಲ. ಪೇಟೆಯ ಅರ್ಧ ಜನರ ಹೆಜ್ಜೆ ಸಪ್ಪಳ ಗುರುತು ಹಿಡಿಯಬಲ್ಲವನು ನಾನು.

ಅವಳು ಒದ್ದೆ ಕೂದಲು ಕೊಡವುತ್ತ ಹೊರಬಂದಳು. ಕಣ್ಣು ಕೆಂಪಗಾಗಿತ್ತು. ಹಸಿವು ಎಂದಳು. ಮೂಲೆಯ ದರ್ಶಿನಿಗೆ ಹೋಗಿ ನಿಂತುಕೊಂಡೇ ಇಡ್ಲಿ ತಿಂದೆವು. ನನ್ನ ತಟ್ಟೆಯಲ್ಲಿದ್ದ ಒಂದನ್ನೂ ಅವಳೇ ಎತ್ತಿಕೊಂಡಳು.

"ಅಲ್ಲಿನ ಸ್ಕೂಲಿನವರು ಮತ್ತೆ ಕರೀತಿದಾರೆ. ಇನ್ನೆರಡು ವರ್ಷ," ಎಂದಳು ಇಡ್ಲಿ ಸಾಂಬಾರಿನಲ್ಲಿ ಅದ್ದುತ್ತ.

ಬೇಡ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನಾನು ಬೇಡ ಎಂದರೆ ಅವಳು ಉಳಿದಾಳು, ಉಳಿದು ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿದಂತೆ ಇದನ್ನೂ ಮುಗಿಸಿಯಾಳು. ಅದನ್ನು ನೋಡುತ್ತ ಕೂರುವುದು ಇನ್ನೂ ಕಷ್ಟ.

"ಹೋಗು," ಎಂದೆ. ಆಮೇಲೆ, "ದೀಪಾವಳಿ ಸೀಸನ್ ಮುಗಿದ ಮೇಲೆ ನಾನೂ ಒಂದು ಸಲ ಬರ್ತೀನಿ. ಅಲ್ಲಿ ಎಲ್ಲಿ ಮಲಗ್ಬೇಕು?"

ಅವಳು ನನ್ನನ್ನೇ ನೋಡಿದಳು, ನಿಜವಾಗಿ ಕೇಳುತ್ತಿದ್ದಾರಾ ಎಂದು. "ಅಂಗಳದಲ್ಲಿ ಹಗ್ಗದ ಬಲೆಯ ಒರಗು ಕುರ್ಚಿಗಳಿವೆ. ಸೆಕೆಗೆ ಎಲ್ಲರೂ ಅದರಲ್ಲೇ ಮಲಗ್ತಾರೆ. ನಿಮ್ಮ ಬೆನ್ನಿಗೆ ಆಗತ್ತೋ ಇಲ್ವೋ."

"ಅವನಿಗೆ ಆಗತ್ತಾ?"

"ಯಾರಿಗೆ?"

"ದೋಣಿಯವನಿಗೆ. ಸ್ಟೆಂಟ್ ಹಾಕಿಸ್ಕೊಂಡವನಿಗೆ."

"ಆಗತ್ತೆ."

"ಹಾಗಾದ್ರೆ ನನಗೂ ಆಗತ್ತೆ," ಎಂದೆ. ನನ್ನ ದನಿ ನನಗೇ ಚಿಕ್ಕ ಹುಡುಗನ ದನಿಯಂತೆ ಕೇಳಿಸಿತು. ಅವಳು ಕೌಂಟರಿನ ಕಡೆ ತಿರುಗಿ ಇನ್ನೊಂದು ವಡೆ ಹೇಳಿದಳು. ಅದು ಬರುವಷ್ಟರಲ್ಲಿ, ವಿಮಾನದಿಂದ ಇಳಿದ ಮೇಲೆ ನಾನು ಯಾವ ದೋಣಿ ಹತ್ತಬೇಕು, ವಾಂತಿ ಬಂದರೆ ಎಲ್ಲಿ ಕೂರಬೇಕು ಎಂದು ಹೇಳಲು ಶುರುಮಾಡಿದ್ದಳು.