ಜೌಗು ಮಣ್ಣು, ಸೊಸೆಯ ಕಾಲ್ಗುಣ

ನಾನು ಜಾವಗಲ್ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಗಾರೆ ಕೆಲಸಕ್ಕೆ ಇಳಿದು, ಮೇಸ್ತ್ರಿಯಾಗಿ ವಯಸ್ಸು ಕಳೆದೆ. ನಮ್ಮ ಕಡೆ ಕಪ್ಪು ಮಣ್ಣೆಂದರೆ ಕೆರೆಯ ಗೋಡು. ಬೇಸಿಗೆಯಲ್ಲಿ ಹೂಳೆತ್ತಿ ದಡಕ್ಕೆ ಹಾಕಿದರೆ ಬಿಸಿಲಿಗೆ ಒಣಗಿ ಕಲ್ಲಾಗುತ್ತದೆ, ಹೆಂಟೆ ಒಡೆಯಲು ಸುತ್ತಿಗೆಯೇ ಬೇಕು. ಕಪ್ಪು ಮಣ್ಣೆಲ್ಲ ಹೀಗೇ ಎಂದು ನಂಬಿದ್ದೆ.

ಬೇಲೂರಿನ ಹತ್ತಿರ ಅಕ್ಕ ಭಾವ ಸೈಟು ಕೊಂಡಾಗ ಮನೆ ಕಟ್ಟುವ ಕೆಲಸ ನನಗೇ ಬಂತು. ತಗ್ಗಿನ ಜಾಗ. ಅಲ್ಲಿ ಜೊಂಡು ಬೆಳೆದು, ನಿಂತ ನೀರಲ್ಲೇ ಬಿದ್ದು ಕೊಳೆತು, ಅದರ ಮೇಲೆ ಮತ್ತೆ ಬೆಳೆದು ಎಷ್ಟೋ ಕಾಲವಾಗಿತ್ತು. ಹಾರೆ ಹಾಕಿದರೆ ಮುದ್ದೆಗೆ ಕಡ್ಡಿ ಚುಚ್ಚಿದಂತೆ ಇಳಿಯಿತು. ಹೊರಗೆ ತೆಗೆದರೆ ತುದಿಯಲ್ಲಿ ಕಪ್ಪು ನಾರು, ಕೊಳೆತ ವಾಸನೆ.

“ಗಟ್ಟಿ ನೆಲ ಸಿಗೋವರೆಗೂ ಅಗೆಸೋಣ ಕಣಪ್ಪ,” ಎಂದರು ಭಾವ.

“ಕೆರೆ ಗೋಡು ನಾನು ನೋಡದ್ದಾ ಭಾವ? ಸುತ್ತ ಕಾಲುವೆ ಹೊಡೆದು ನೀರು ಬಸಿದುಬಿಟ್ರೆ ಒಂದು ಬೇಸಿಗೆಗೆ ಬಂಡೆ ಆಯ್ತದೆ.”

ನೀರು ಬಸಿಯಿತು. ನೆಲ ಬಿರಿಯಿತು, ತಗ್ಗಿತು, ಆದರೆ ಗಟ್ಟಿಯಾಗಲಿಲ್ಲ. ಒಣಗಿದ ಹೆಂಟೆ ಎತ್ತಿದರೆ ಬೆರಣಿಯಷ್ಟು ಹಗುರ. ಯಾರೋ ಎಸೆದ ಬೀಡಿ ತುಂಡಿಗೆ ಒಂದು ಗುಡ್ಡೆ ಹೊತ್ತಿಕೊಂಡು, ಉರಿ ಕಾಣದೆ ಸಂಜೆಯವರೆಗೂ ಹೊಗೆಯಾಡಿತು.

“ಏನ್ಲಾ, ಮನೆ ಕಟ್ತೀಯೋ ಒಲೆ ಹಚ್ತೀಯೋ?” ಎಂದು ಜೊತೆಯ ಗಾರೆಯವನು ನಕ್ಕ.

ನಾನೂ ನಕ್ಕೆ. ಹೀಗೆ ಉರಿಯುವುದು ಮಣ್ಣಲ್ಲ, ಕೊಳೆತ ಹುಲ್ಲು ಎಂದು ಆಗಲೇ ಹೊಳೆದಿತ್ತು. ಆದರೆ ಭಾವನ ಮುಂದೆ ಆಡಿದ ಮಾತನ್ನು ನುಂಗಲು ಮನಸ್ಸು ಒಪ್ಪಲಿಲ್ಲ. ಮೇಲೆ ಗರಸು ಸುರಿಸಿ, ದಿಮ್ಮಸಿನಲ್ಲಿ ಬಡಿಸಿ ಗಟ್ಟಿ ಮಾಡಿಸಿ, ಪಾಯ ಎಬ್ಬಿಸಿದೆ.

ಗೃಹಪ್ರವೇಶ ಮುಗಿದ ಮೇಲೆ ನಾನು ಕರಾವಳಿಗೆ, ಹಿನ್ನೀರಿನ ಬದಿಯ ರಸ್ತೆ ಕೆಲಸಕ್ಕೆ ಹೋದೆ. ಅಲ್ಲಿಯೂ ಅದೇ ಕಪ್ಪು ನಾರು ಮಣ್ಣು. ಅದರ ಮೇಲೆ ಮರಳಿನ ಗುಡ್ಡೆ ಹೇರಿ, ಇಳಿಯುವಷ್ಟು ಇಳಿಯಲಿ ಎಂದು ತಿಂಗಳುಗಟ್ಟಲೆ ಕಾಯುತ್ತಿದ್ದರು. ಇಂಥ ಮಣ್ಣು ನೀರು ಕುಡಿದ ಸ್ಪಂಜಿನ ಹಾಗೆ, ಭಾರ ಬಿದ್ದರೆ ನೀರು ಬಿಟ್ಟು ಕುಗ್ಗುತ್ತದೆ. ನೀರು ಹೋದ ಮೇಲೂ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಬಸಿದು ಒಣಗಿಸಿದರಂತೂ ಇನ್ನೂ ಕೆಟ್ಟದು ಎಂದು ಅಲ್ಲಿನ ಎಂಜಿನಿಯರು ಹೇಳಿದರು. ಅಕ್ಕನ ಮನೆಯ ಪಾಯ ಕಣ್ಣ ಮುಂದೆ ಬಂತು.

ತಿರುಗಿ ಬಂದಾಗ ಅಕ್ಕನ ಅಡುಗೆಮನೆಯ ಮೂಲೆ ಗೇಣುದ್ದ ಇಳಿದಿತ್ತು. ಗೋಡೆಯ ಬಿರುಕಿನಲ್ಲಿ ಬೆರಳು ಹೋಗುತ್ತಿತ್ತು. ಈ ನಡುವೆ ಅಕ್ಕನ ಮಗನಿಗೆ ಮದುವೆಯಾಗಿ ಸೊಸೆ ಬಂದಿದ್ದಳು.

“ಅವಳು ಸೇರು ಒದ್ದು ಒಳಗೆ ಬಂದ್ಲು, ಮನೆ ಕುಸಿಯೋಕೆ ಹತ್ತಿತು. ಕಾಲ್ಗುಣ ಅನ್ನೋದು ಹಿಂಗೂ ಇರ್ತದೇನ್ಲಾ?” ಎಂದಳು ಅಕ್ಕ, ಹುಡುಗಿಗೆ ಕೇಳಿಸಲೆಂದೇ.

ಆ ಹುಡುಗಿ ನನ್ನತ್ತ ನೋಡಿದಳು. ಮನೆ ಕಟ್ಟಿದವನು ನಾನು, ಒಂದು ಮಾತು ಹೇಳಿಯೇನು ಎಂದುಕೊಂಡಿರಬೇಕು. ಅವಳೇ ಕೊಟ್ಟ ಕಾಫಿ ಕುಡಿದು, “ದೊಡ್ಡವರು ಸುಮ್ನೆ ಹೇಳಿಲ್ಲ ಬಿಡು,” ಎಂದುಬಿಟ್ಟೆ.

ಆಮೇಲೆ ಅವಳು ಆ ಮನೆಯಲ್ಲಿ ತುದಿಗಾಲಲ್ಲೇ ಓಡಾಡುತ್ತಿದ್ದಳಂತೆ. ವರ್ಷ ತುಂಬುವ ಮೊದಲೇ ತವರಿಗೆ ಕಳಿಸಿದರು. ಬಿಡುಗಡೆ ಪತ್ರ ಬರೆಸಿ, ಹುಡುಗನಿಗೆ ಬೇರೆ ಮದುವೆ ಮಾಡಿದರು. ಆ ಮದುವೆಯಲ್ಲಿ ನಾನು ಮುಂದೆ ಕೂತು ಉಂಡು ಬಂದೆ.

ಮೊನ್ನೆ ಆ ಮೊದಲ ಸೊಸೆಯನ್ನು ಹುಡುಕಿಕೊಂಡು ಅರಸೀಕೆರೆಗೆ ಹೋದೆ. ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಾಳೆ. ಮನೆ ಕುಸಿದದ್ದು ನಾನು ಹಾಕಿದ ಪಾಯದಿಂದ, ನಿನ್ನ ಕಾಲ್ಗುಣದಿಂದಲ್ಲ ಎಂದೆ. ಹಿಟ್ಟಿನ ಕೈಯಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

“ನಮ್ಮಪ್ಪ ಇದ್ದಾಗ ಬರಬೇಕಿತ್ತು ನೀವು,” ಎಂದಳು. “ಸಾಯೋವರೆಗೂ, ನಾನು ಒಳಗೆ ಬಂದ್ರೆ ನನ್ನ ಕಾಲೇ ನೋಡೋರು. ಈಗ ನಂಗೇನು ಹೇಳ್ತೀರಿ? ಹೋಗಿ ಆ ಮನೇಲಿ ಹೇಳಿ.”

ಬೇಲೂರಿಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಹಿತ್ತಲ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಮೆತ್ತಗೆ ಮಾತಾಡ್ಲಾ, ಸೊಸೆಗೆ ಕೇಳಿಸ್ತದೆ. ಮನೆ ಇನ್ನೂ ಇಳೀತಾನೇ ಐತೆ. ಮೊದಲನೇವಳ ಶಾಪ ಅಂತ ಅವಳಿಗೆ ಹೇಳಿದೀವಿ.”

ಎದ್ದು ಹಿತ್ತಲ ಬಾಗಿಲಲ್ಲಿ ನಿಂತು, ಬಟ್ಟೆ ಹಿಂಡುತ್ತಿದ್ದ ಆ ಎರಡನೆಯ ಸೊಸೆಗೆ ಕೇಳುವಂತೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಒಳಗೆ ಅಕ್ಕ ಬಯ್ಯುತ್ತಿದ್ದಳು. ಸೊಸೆ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸೀರೆಯನ್ನು ನೀರು ಬರುವುದು ನಿಂತ ಮೇಲೂ ಹಿಂಡುತ್ತಲೇ ಇದ್ದಳು.